ರೂಟರ್ ನಿಜ, ತಂತಿ ಸುಳ್ಳು

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯದ್ದು. ಕಂಪ್ಯೂಟರ್ ಒಳಗೇ ರೂಟರ್ ಓಡಿಸಿ ನೆಟ್‌ವರ್ಕ್ ಕಲಿಯೋದು ಹೇಗೆ, ಓಡದೇ ಇದ್ದರೆ ಏನು ಮಾಡೋದು ಅಂತ. ಅದೂ ಹಾಸನ, ಚಿಕ್ಕಮಗಳೂರು ಕಡೆಯಿಂದಲೇ ಜಾಸ್ತಿ. ನಾನು ಕಲಿಯುವಾಗ ಹಾಸನದಲ್ಲಿ ಕೂತು ರೂಟರ್ ಮುಟ್ಟಬೇಕು ಅಂದರೆ ಬೆಂಗಳೂರಿಗೆ ಹೋಗಿ ಹಳೇ ಪೆಟ್ಟಿಗೆ ಕೊಂಡು, ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ಬರಬೇಕಿತ್ತು. ಮನೆಯಲ್ಲಿ ಆನ್ ಮಾಡಿದರೆ ಅದರ ಫ್ಯಾನ್ ಸದ್ದಿಗೆ ಪಕ್ಕದ ಮನೆಯವರು, ಏನ್ರೀ ಇಷ್ಟೊತ್ತಲ್ಲಿ ಮಿಕ್ಸಿ, ಅಂತ ಕೇಳುತ್ತಿದ್ದರು. ಈಗ ಆ ಕಷ್ಟ ಇಲ್ಲ. ಬೇರೆ ಕಷ್ಟ ಇದೆ.

ಪ್ರಶ್ನೆ: ಸರ್, ನಾನು ಹಾಸನದಲ್ಲಿ ಇಂಜಿನಿಯರಿಂಗ್ ಕೊನೇ ವರ್ಷ ಓದುತ್ತಿದ್ದೇನೆ. 8 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್, ವಿಂಡೋಸ್ 11. ವಿಎಂವೇರ್ (ಕಂಪ್ಯೂಟರ್ ಒಳಗೆ ಇನ್ನೊಂದು ಕಂಪ್ಯೂಟರ್ ಓಡಿಸುವ ಸಾಫ್ಟ್‌ವೇರ್) ಒಳಗೆ ಈವ್-ಎನ್‌ಜಿ (ರೂಟರ್ ಲ್ಯಾಬ್ ಕಟ್ಟುವ ಸಾಫ್ಟ್‌ವೇರ್) ಹಾಕಿದ್ದೇನೆ. ರೂಟರ್ ಇಮೇಜ್ (ರೂಟರಿನ ಸಾಫ್ಟ್‌ವೇರ್ ಇರುವ ಫೈಲ್) ಹಾಕಿ ಸ್ಟಾರ್ಟ್ ಕೊಟ್ಟರೆ ಐಕಾನ್ ಒಂದು ಕ್ಷಣ ನೀಲಿ ಆಗಿ ಮತ್ತೆ ಬೂದು ಬಣ್ಣಕ್ಕೆ ಬರುತ್ತದೆ. ನಾಲ್ಕು ಬೇರೆ ಬೇರೆ ಇಮೇಜ್ ಹಾಕಿ ನೋಡಿದೆ, ಅದೇ ಕಥೆ. ಇಮೇಜ್ ಕೆಟ್ಟಿದೆಯಾ?
(ಸಾಲಗಾಮೆ ರಸ್ತೆ, ಹಾಸನ)

ಉತ್ತರ: ನಾಲ್ಕೂ ಒಟ್ಟಿಗೆ ಕೆಟ್ಟಿರಲು ಸಾಧ್ಯ ಇಲ್ಲ ಅಲ್ವಾ. ತೊಂದರೆ ಇಮೇಜಿನಲ್ಲಿ ಇಲ್ಲ, ಅದರ ಕೆಳಗಿದೆ.

ನೀವು ಮೊದಲು ಸಿಸ್ಕೋ ಕಂಪನಿಯ ಕಲಿಕೆಯ ಸಾಫ್ಟ್‌ವೇರ್ ಪ್ಯಾಕೆಟ್ ಟ್ರೇಸರ್ ಬಳಸಿರುತ್ತೀರಿ. ಅದು ರೂಟರಿನ ವೇಷ ಹಾಕಿದ ಪ್ರೋಗ್ರಾಂ, ಬರೆದುಕೊಟ್ಟಷ್ಟೇ ಮಾತಾಡುತ್ತದೆ. ಹಾಗಾಗಿ ಎಂಥಾ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ಇಮೇಜ್ ಹಾಗಲ್ಲ. ಅದು ನಿಜವಾದ ರೂಟರಿನ ಆಪರೇಟಿಂಗ್ ಸಿಸ್ಟಂ, ಪೆಟ್ಟಿಗೆ ಮಾತ್ರ ಇಲ್ಲ. ಅದಕ್ಕೆ ನಿಜವಾದ ಸಿಪಿಯು ಬೇಕು, ರ‍್ಯಾಮ್ ಬೇಕು, ಡಿಸ್ಕ್ ಬೇಕು. ಈವ್-ಎನ್‌ಜಿ ಒಳಗೆ ಈ ಪೆಟ್ಟಿಗೆಯನ್ನು ಕಟ್ಟಿಕೊಡುವುದು ಕ್ಯೂಎಮು ಅನ್ನೋ ಸಾಫ್ಟ್‌ವೇರ್, ಅದಕ್ಕೆ ನಿಮ್ಮ ಸಿಪಿಯುವಿನ ಶಕ್ತಿಯನ್ನು ನೇರವಾಗಿ ಕೊಡೋದು ಲಿನಕ್ಸಿನ ಕೆವಿಎಂ.

ನಿಮ್ಮ ಲೆಕ್ಕ ನೋಡಿ. ವಿಂಡೋಸ್ ಒಳಗೆ ವಿಎಂವೇರ್, ಅದರೊಳಗೆ ಈವ್-ಎನ್‌ಜಿ, ಅದರೊಳಗೆ ರೂಟರ್. ಇದು ಬಾಡಿಗೆ ಮನೆಯನ್ನು ಒಳಬಾಡಿಗೆಗೆ ಕೊಟ್ಟು, ಅವನು ಮತ್ತೊಬ್ಬನಿಗೆ ಒಂದು ರೂಮು ಬಿಟ್ಟುಕೊಟ್ಟ ಹಾಗೆ. ಮಾಲೀಕ ಒಪ್ಪಬೇಕು, ನಡುವೆ ಇರುವ ಪ್ರತಿಯೊಬ್ಬನೂ ಒಪ್ಪಬೇಕು. ಒಬ್ಬ ಬೇಡ ಅಂದರೂ ಕೊನೆಯವನು ಬೀದಿಗೆ ಬರುತ್ತಾನೆ. ನಿಮ್ಮ ರೂಟರ್ ಬಂದಿರೋದು ಹಾಗೇ.

ಮಾಲೀಕ ಅಂದರೆ ಬಯೋಸ್, ಕಂಪ್ಯೂಟರ್ ಆನ್ ಆದ ತಕ್ಷಣ ಓಡುವ ಮೂಲ ಸಾಫ್ಟ್‌ವೇರ್. ಒಂದು ಯಂತ್ರದೊಳಗೆ ಇನ್ನೊಂದನ್ನು ಓಡಿಸಲು ಸಿಪಿಯು ಕೊಡುವ ಸೌಲಭ್ಯದ ಹೆಸರು ಅಲ್ಲಿ ಇಂಟೆಲ್ ಆದರೆ ವಿಟಿ-ಎಕ್ಸ್, ಎಎಂಡಿ ಆದರೆ ಎಎಂಡಿ-ವಿ ಅಥವಾ ಎಸ್‌ವಿಎಂ ಅಂತ ಇರುತ್ತದೆ, ಆನ್ ಇರಬೇಕು. ಬಯೋಸಿಗೆ ಹೋಗದೆಯೂ ತಿಳಿಯಬಹುದು. ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್, ಅದರಲ್ಲಿ ಸಿಪಿಯು ಒತ್ತಿ, ಕೆಳಗೆ ವರ್ಚುವಲೈಸೇಷನ್ ಎದುರು ಎನೇಬಲ್ಡ್ ಅಂತ ಇದೆಯಾ ನೋಡಿ. ಎರಡನೆಯದು ವಿಎಂವೇರ್. ಈವ್ ಯಂತ್ರದ ಪ್ರೊಸೆಸರ್ ಸೆಟ್ಟಿಂಗಿನಲ್ಲಿ ವಿಟಿ-ಎಕ್ಸ್ ಒಳಗೆ ಬಿಡಬೇಕಾ ಅಂತ ಕೇಳುವ ಒಂದು ಚೌಕ ಇದೆ, ಅದಕ್ಕೆ ಟಿಕ್ ಹಾಕಿ. ಹಾಕಿ ಆನ್ ಮಾಡಿದಾಗ ಈ ಪ್ಲಾಟ್‌ಫಾರ್ಮಿನಲ್ಲಿ ಅದು ಆಗೋದಿಲ್ಲ ಅಂತ ಬೈದರೆ, ಅಡ್ಡ ನಿಂತಿರೋದು ವಿಂಡೋಸೇ. ವಿಂಡೋಸ್ 11ರ ಹೊಸ ಯಂತ್ರಗಳಲ್ಲಿ ಕೋರ್ ಐಸೊಲೇಷನ್ ಕೆಳಗೆ ಮೆಮೊರಿ ಇಂಟೆಗ್ರಿಟಿ ಅಂತ ಒಂದು ರಕ್ಷಣೆ ಮೊದಲೇ ಆನ್ ಆಗಿ ಬರುತ್ತದೆ. ಅದು ವಿಂಡೋಸಿನದೇ ಹೈಪರ್-ವಿ (ವಿಎಂವೇರ್ ತರಹದ್ದೇ) ಮೇಲೆ ಓಡುತ್ತದೆ. ಹೈಪರ್-ವಿ ಒಮ್ಮೆ ಕೂತರೆ ವಿಟಿ-ಎಕ್ಸ್ ಅನ್ನು ವಿಎಂವೇರ್‌ಗೆ ಬಿಡೋದಿಲ್ಲ. ವಿಂಡೋಸ್ ಒಳಗೆ ಲಿನಕ್ಸ್ ಓಡಿಸುವ ಡಬ್ಲ್ಯೂಎಸ್‌ಎಲ್ ಎರಡನೇ ಆವೃತ್ತಿ ಹಾಕಿಕೊಂಡಿದ್ದರೂ ಇದೇ ಜಗಳ.

ಈವ್ ಬೂಟ್ ಆದಾಗ ಕಪ್ಪು ಪರದೆ ಮೇಲೆ, ವಿಟಿ-ಎಕ್ಸೂ ಇಲ್ಲ ಎಎಂಡಿ-ವಿಯೂ ಇಲ್ಲ ಅನ್ನುವ ಎಚ್ಚರಿಕೆಯ ಸಾಲು ಬಂದಿರುತ್ತದೆ, ನೀವು ನೋಡಿರೋದಿಲ್ಲ. ಯಾರೂ ನೋಡೋದಿಲ್ಲ, ಎಲ್ಲರೂ ನೇರ ಬ್ರೌಸರಿಗೆ ಹೋಗುತ್ತಾರೆ. ಆ ಸಾಲು ಹೋಗುವವರೆಗೂ ಇಮೇಜ್ ಬದಲಾಯಿಸಿ ಪ್ರಯೋಜನ ಇಲ್ಲ.

ಮೆಮೊರಿ ಇಂಟೆಗ್ರಿಟಿ ತೆಗೆದರೆ ಲ್ಯಾಪ್‌ಟಾಪಿನ ರಕ್ಷಣೆ ಸ್ವಲ್ಪ ಕಡಿಮೆ ಆಗುತ್ತದೆ. ಬ್ಯಾಂಕು, ಕಾಲೇಜು ಎಲ್ಲಾ ಅದರಲ್ಲೇ ಅಂದರೆ ನಾನು ತೆಗೆಯಿರಿ ಅನ್ನೋದಿಲ್ಲ. ಅದರ ಬದಲು ಡಿಸ್ಕಿನಲ್ಲಿ 60 ಜಿಬಿ ಬಿಡಿಸಿಕೊಂಡು ಉಬುಂಟು ಲಿನಕ್ಸ್ ಹಾಕಿ, ಅದರ ಮೇಲೆ ನೇರವಾಗಿ ಈವ್-ಎನ್‌ಜಿ ತರಹದ್ದೇ ಆದ ಜಿಎನ್‌ಎಸ್3 ಹಾಕಿಕೊಳ್ಳಿ. ಒಳಬಾಡಿಗೆಯ ಗಲಾಟೆಯೇ ಇಲ್ಲ. 8 ಜಿಬಿಯಲ್ಲಿ ಇದೇ ಜಾಣತನ, ಯಾಕೆಂದರೆ ವಿಂಡೋಸೇ ಮೂರು ನಾಲ್ಕು ಜಿಬಿ ನುಂಗಿ ಕೂತಿರುತ್ತದೆ. ಸಿಸ್ಕೋದ ಐಓಎಸ್‌ವಿ ರೂಟರ್ ಒಂದಕ್ಕೆ 512 ಎಂಬಿ ಸಾಕು, ಆರು ಓಡಿಸಿದರೂ ಮೂರು ಜಿಬಿ. ಅದೇ ಸಿಸ್ಕೋದ್ದೇ ಕ್ಯಾಟಲಿಸ್ಟ್ 8000ವಿ ರೂಟರ್ ಒಂದಕ್ಕೇ 4 ಜಿಬಿ ಕೇಳುತ್ತದೆ. ಜುನಿಪರ್‌ನ ವಿಜುನೋಸ್ ರೂಟರ್ 5 ಜಿಬಿ ರ‍್ಯಾಮು, ನಾಲ್ಕು ಕೋರ್ ಕೇಳುತ್ತದೆ. ಆ ಎರಡರ ಆಸೆ ಸದ್ಯಕ್ಕೆ ಬಿಡಿ.

ಈವ್-ಎನ್‌ಜಿಯಲ್ಲೇ ಮುಂದುವರಿಯುತ್ತೀರಾದರೆ ಎಡವಿ ಬೀಳುವಂಥ ಇನ್ನೊಂದು ಗುಂಡಿ ಇದೆ, ಹೇಳಿಬಿಡುತ್ತೇನೆ. ಇಮೇಜ್ ಇಡುವ ಫೋಲ್ಡರಿನ ಹೆಸರು ಈವ್-ಎನ್‌ಜಿ ಹೇಳಿದ ಪದದಿಂದಲೇ ಶುರುವಾಗಬೇಕು, ಆಮೇಲೆ ಒಂದು ಅಡ್ಡಗೆರೆ, ಅದರ ಮುಂದೆ ನಿಮಗೆ ಬೇಕಾದ್ದು. ಒಳಗಿನ ಡಿಸ್ಕ್ ಫೈಲಿಗೂ ಒಂದೊಂದು ರೂಟರಿಗೆ ಒಂದೊಂದು ಗೊತ್ತಾದ ಹೆಸರು. ಮೈಕ್ರೋಟಿಕ್ ಕಂಪನಿಯ ರೂಟರ್ ಆದರೆ ಎಚ್‌ಡಿಎ, ಐಓಎಸ್‌ವಿ ಆದರೆ ವರ್ಟ್‌ಐಓ ಪದಕ್ಕೆ ಅಂಟಿದ ಒಂದು ಎ, ಎರಡಕ್ಕೂ ಬಾಲ ಕ್ಯೂಕೌ2. ಡೌನ್‌ಲೋಡ್ ಆದ ಹೆಸರಿನಲ್ಲೇ ಬಿಟ್ಟರೆ ಫೈಲ್ ಈವ್‌ನ ಕಣ್ಣಿಗೇ ಬೀಳೋದಿಲ್ಲ. ಫೈಲ್ ಹಾಕಿದ ಮೇಲೆ ಫಿಕ್ಸ್ ಪರ್ಮಿಷನ್ಸ್ ಕಮಾಂಡ್ ಒಮ್ಮೆ ಓಡಿಸಬೇಕು. ಇದನ್ನು ಮರೆತು ನಾನೇ ಒಂದು ಭಾನುವಾರ ಪೂರ್ತಿ ಹಾಳು ಮಾಡಿಕೊಂಡಿದ್ದೇನೆ.

ಇಷ್ಟಾದ ಮೇಲೂ ಕನ್ಸೋಲ್ (ರೂಟರಿಗೆ ಕಮಾಂಡ್ ಕೊಡುವ ಪರದೆ) ಖಾಲಿ ಕಂಡರೆ ಎರಡು ಮೂರು ನಿಮಿಷ ಸುಮ್ನೆ ಕೂತಿರಿ, ಆಮೇಲೆ ಎಂಟರ್ ಒತ್ತಿ. ನಿಜವಾದ ರೂಟರೂ ಬೂಟ್ ಆಗೋಕೆ ಕಾಫಿ ಕುಡಿಯುವಷ್ಟು ಹೊತ್ತು ತಗೊಳ್ಳುತ್ತದೆ.

ಪ್ರಶ್ನೆ: ಗೆಳೆಯ ಪೆನ್‌ಡ್ರೈವಿನಲ್ಲಿ ಸಿಸ್ಕೋ ಇಮೇಜ್ ಕೊಟ್ಟಿದ್ದಾನೆ. ಬಳಸಿದರೆ ತಪ್ಪಾ?
(ಅರಸೀಕೆರೆ)

ಉತ್ತರ: ಹೌದು, ತಪ್ಪು. ಲೈಸೆನ್ಸ್ ಇಲ್ಲದೆ ಹಂಚುವ ಹಾಗಿಲ್ಲ. ಜೊತೆಗೆ ಎಲ್ಲೆಲ್ಲೋ ಸುತ್ತಿ ಬಂದ ಡಿಸ್ಕ್ ಫೈಲಿನಲ್ಲಿ ಯಾರು ಏನು ಸೇರಿಸಿದ್ದಾರೋ. ಇವತ್ತು ಅದರ ಅಗತ್ಯವೂ ಇಲ್ಲ. ಸಿಸ್ಕೋದವರೇ ಸಿಎಂಎಲ್ ಅನ್ನೋ ತಮ್ಮ ಲ್ಯಾಬಿನ ಉಚಿತ ಆವೃತ್ತಿ ಕೊಡುತ್ತಾರೆ, ಐದು ನೋಡ್ (ರೂಟರ್, ಸ್ವಿಚ್ ಇಂಥವು) ಓಡಿಸಬಹುದು, ಇಮೇಜೂ ಅದರ ಜೊತೆಗೇ ಬರುತ್ತದೆ. ಜುನಿಪರ್‌ನ ವಿಜುನೋಸ್ ಲ್ಯಾಬ್ ಬಳಕೆಗೆ ಉಚಿತ. ಅರಿಸ್ಟಾದವರು ಖಾತೆ ಮಾಡಿಕೊಂಡವರಿಗೆ ತಮ್ಮ ಇಮೇಜ್ ಕೊಡುತ್ತಾರೆ. ನೋಕಿಯಾದ ಎಸ್‌ಆರ್ ಲಿನಕ್ಸ್ ಖಾತೆ ಕೂಡ ಕೇಳದೆ ಸಿಗುತ್ತದೆ. ವೈಓಎಸ್, ಎಫ್‌ಆರ್‌ಆರ್ ಅನ್ನೋ ರೂಟರ್ ಸಾಫ್ಟ್‌ವೇರ್‌ಗಳು ಓಪನ್ ಸೋರ್ಸ್. ಪೆನ್‌ಡ್ರೈವ್ ವಾಪಸ್ ಕೊಡಿ, ಗೆಳೆತನ ಇರಲಿ.

ಪ್ರಶ್ನೆ: ಅಣ್ಣ, ಚಿಕ್ಕಮಗಳೂರು ಹತ್ತಿರ ಕೇಬಲ್ ಮತ್ತು ಇಂಟರ್‌ನೆಟ್ ಕೊಡುವ ಕಡೆ ಕೆಲಸ ಮಾಡುತ್ತೇನೆ. ನಮ್ಮಲ್ಲಿ ಇರೋದೆಲ್ಲ ಮೈಕ್ರೋಟಿಕ್. ಏನಾದರೂ ಬದಲಾವಣೆ ಮಾಡಬೇಕು ಅಂದರೆ ಓಡುತ್ತಿರುವ ರೂಟರಿನಲ್ಲೇ ಮಾಡಬೇಕು, ಕೈ ನಡುಗುತ್ತದೆ. ಮನೆಯಲ್ಲಿ ಮೊದಲು ಪರೀಕ್ಷೆ ಮಾಡೋಕೆ ಆಗುತ್ತಾ?
(ಆಲ್ದೂರು)

ಉತ್ತರ: ಆಗುತ್ತದೆ, ನಿಮಗೇ ಎಲ್ಲರಿಗಿಂತ ಸುಲಭ. ಮೈಕ್ರೋಟಿಕ್‌ನವರ ಸಿಎಚ್‌ಆರ್ ಇಮೇಜ್ ಅವರ ಸೈಟಿನಲ್ಲೇ ಉಚಿತ, 256 ಎಂಬಿ ರ‍್ಯಾಮಿನಲ್ಲಿ ಓಡುತ್ತದೆ, ಅರ್ಧ ನಿಮಿಷದಲ್ಲಿ ಲಾಗಿನ್ ಬರುತ್ತದೆ. ನಿಮ್ಮ ಫೀಲ್ಡ್ ರೂಟರಿನಲ್ಲಿ ಯಾವ ಆವೃತ್ತಿಯ ರೂಟರ್‌ಓಎಸ್ (ಮೈಕ್ರೋಟಿಕ್‌ನ ಆಪರೇಟಿಂಗ್ ಸಿಸ್ಟಂ) ಇದೆಯೋ ಅದೇ ಆವೃತ್ತಿಯ ಸಿಎಚ್‌ಆರ್ ತಗೊಳ್ಳಿ. ಆರನೆಯದಕ್ಕೂ ಏಳನೆಯದಕ್ಕೂ ರೂಟಿಂಗ್ ಭಾಗ ತುಂಬಾ ಬದಲಾಗಿದೆ, ಅದರಲ್ಲಿ ಬರೆದದ್ದು ಇದರಲ್ಲಿ ಹಾಗೇ ಕೂರೋದಿಲ್ಲ. ಫೀಲ್ಡ್ ರೂಟರಿನಿಂದ ಎಕ್ಸ್‌ಪೋರ್ಟ್ ಮಾಡಿಕೊಂಡು, ವೈರ್‌ಲೆಸ್ ಸಾಲುಗಳನ್ನು ಕಿತ್ತು, ಪೋರ್ಟಿನ ಹೆಸರು ಸರಿಮಾಡಿ ಇದಕ್ಕೆ ತುಂಬಿ. ಸಿಎಚ್‌ಆರ್‌ಗೆ ರೇಡಿಯೋ ಇಲ್ಲ, ಹಾಗಾಗಿ ವೈರ್‌ಲೆಸ್ ಸಾಲು ಬಂದ ಕಡೆ ಇಂಪೋರ್ಟ್ ನಿಂತುಬಿಡುತ್ತದೆ.

ಉಚಿತ ಲೈಸೆನ್ಸಿನಲ್ಲಿ ಒಂದೊಂದು ಇಂಟರ್‌ಫೇಸಿನಿಂದ ಹೊರಗೆ ಹೋಗುವ ವೇಗ ಸೆಕೆಂಡಿಗೆ 1 ಮೆಗಾಬಿಟ್‌ಗೆ ಕಟ್ಟಿಹಾಕಿರುತ್ತಾರೆ. ಪಿಪಿಪಿಒಇ (ಗ್ರಾಹಕರ ಲಾಗಿನ್), ಫೈರ್‌ವಾಲ್, ಓಎಸ್‌ಪಿಎಫ್ (ರೂಟರ್‌ಗಳು ತಮ್ಮಲ್ಲೇ ಮಾತಾಡಿಕೊಂಡು ದಾರಿ ಕಂಡುಕೊಳ್ಳುವ ಪದ್ಧತಿ) ನೋಡೋಕೆ ಇದು ಧಾರಾಳ ಸಾಕು. ಗ್ರಾಹಕರ 50 ಎಂಬಿ ಪ್ಲಾನಿನ ಕ್ಯೂ (ವೇಗದ ಮಿತಿ) ಸರಿ ಇದೆಯಾ ಅಂತ ನೋಡೋಕೆ ಸಾಲದು, ಅದಕ್ಕೆ 60 ದಿನದ ಟ್ರಯಲ್ ಲೈಸೆನ್ಸ್ ಹಾಕಿಕೊಳ್ಳಿ.

ಒಂದು ಎಚ್ಚರಿಕೆ, ನನ್ನ ಮೇಲೇ ಆದದ್ದು. ಲ್ಯಾಬ್ ರೂಟರಿಗೆ ಇಂಟರ್‌ನೆಟ್ ಬರಲಿ ಅಂತ ಹೊರಗಿನ ಜಾಲಕ್ಕೆ ಜೋಡಿಸುವ ಕ್ಲೌಡ್ ನೋಡ್ ಹಾಕಿ ಮನೆಯ ವೈಫೈ ಜಾಲಕ್ಕೆ ಸೇರಿಸಿದ್ದೆ. ಅದೇ ಪೋರ್ಟಿನಲ್ಲಿ ಮುಂಚೆ ಐಪಿ ವಿಳಾಸ ಹಂಚುವ ಡಿಎಚ್‌ಸಿಪಿ ಸರ್ವರ್ ಹಾಕಿದ್ದು ಮರೆತುಹೋಗಿತ್ತು. ಸಂಜೆ ಏಳೂವರೆಗೆ ಅಮ್ಮ ಟಿವಿ ಹಾಕಿದರು, ಟಿವಿ ಐಪಿ ಕೇಳಿತು, ಮನೆಯ ರೂಟರಿಗಿಂತ ಮೊದಲು ನನ್ನ ಲ್ಯಾಬ್ ರೂಟರ್ ಎದ್ದು ಕೊಟ್ಟುಬಿಟ್ಟಿತು. ಧಾರಾವಾಹಿ ಸುತ್ತುತ್ತಾ ನಿಂತಿತು. ಇಂಟರ್‌ನೆಟ್ ಕಂಪನಿಯವರಿಗೆ ಬೈಯುತ್ತಾ ಅಮ್ಮ ಅರ್ಧ ಗಂಟೆ ಕೂತರು, ನಾನೂ ಹೂಂ ಹೂಂ ಅನ್ನುತ್ತಾ ಜೊತೆ ಕೊಟ್ಟೆ, ತಪ್ಪು ಯಾರದ್ದು ಅಂತ ಹೊಳೆದದ್ದು ಟಿವಿಯ ಸೆಟ್ಟಿಂಗಿನಲ್ಲಿ 10.10.10ರಲ್ಲಿ ಶುರುವಾಗುವ ವಿಳಾಸ ನೋಡಿದ ಮೇಲೆ. ಹೊರಗೆ ಹೋಗಬೇಕಾದರೆ ಹೀಗೆ ಮನೆಯ ಜಾಲಕ್ಕೆ ನೇರ ಸೇರಿಸುವ ಬ್ರಿಡ್ಜ್ ಬೇಡ, ಲ್ಯಾಬನ್ನು ಬೇರೆ ಇಟ್ಟು ಇಂಟರ್‌ನೆಟ್ ಕೊಡುವ ನ್ಯಾಟ್ ನೋಡ್ ಬಳಸಿ.

ಮತ್ತೆ, ಮನೆಯಲ್ಲಿ ಪರೀಕ್ಷೆ ಆದಮೇಲೆ ಫೀಲ್ಡಿನಲ್ಲಿ ಹಾಕುವಾಗಲೂ ಸೇಫ್ ಮೋಡ್ ಮರೆಯಬೇಡಿ. ಟರ್ಮಿನಲ್‌ನಲ್ಲಿ ಕಂಟ್ರೋಲ್ ಒತ್ತಿ ಎಕ್ಸ್ ಒತ್ತಿದರೆ ಆನ್. ಆಮೇಲೆ ಎಡವಟ್ಟಾಗಿ ನಿಮ್ಮ ಸಂಪರ್ಕವೇ ಕಡಿದುಹೋದರೆ, ಕೆಲವು ನಿಮಿಷ ಕಾದು ಮಾಡಿದ್ದನ್ನೆಲ್ಲ ಅದೇ ವಾಪಸ್ ತೆಗೆಯುತ್ತದೆ. ಮಳೆಗಾಲದ ರಾತ್ರಿ ಎಸ್ಟೇಟ್ ದಾರಿಯಲ್ಲಿ ಬೈಕ್ ಹತ್ತಿ ಟವರ್ ಬುಡಕ್ಕೆ ಹೋಗಿ ಬಂದವರಿಗೆ ಇದರ ಬೆಲೆ ಗೊತ್ತು.

ಪ್ರಶ್ನೆ: ಲ್ಯಾಬಿನಲ್ಲಿ ಎರಡು ರೂಟರಿಗೆ ಓಎಸ್‌ಪಿಎಫ್ ಹಾಕಿದ್ದೇನೆ. ಒಂದರ ಪೋರ್ಟ್ ಶಟ್‌ಡೌನ್ ಮಾಡಿದರೆ ಇನ್ನೊಂದು ಅದನ್ನು ಗಮನಿಸೋಕೆ 40 ಸೆಕೆಂಡ್ ತಗೊಳ್ಳುತ್ತದೆ. ಆಫೀಸಿನಲ್ಲಿ ಕೇಬಲ್ ಕಿತ್ತರೆ ತಕ್ಷಣ ಗೊತ್ತಾಗುತ್ತದೆ. ಯಾವುದು ಸರಿ? ಇಮೇಜ್ ಕಳಪೆಯಾ?
(ವಿದ್ಯಾನಗರ, ಹಾಸನ)

ಉತ್ತರ: ಈ ತಿಂಗಳ ಒಳ್ಳೇ ಪ್ರಶ್ನೆ ಇದು. ಎರಡೂ ಸರಿ, ಇಮೇಜ್ ಕಳಪೆ ಅಲ್ಲ. ರೂಟರ್ ನಿಜದ್ದೇ, ಸುಳ್ಳು ಇರೋದು ತಂತಿಯಲ್ಲಿ.

ಆಫೀಸಿನಲ್ಲಿ ಎರಡು ರೂಟರ್ ನಡುವೆ ಒಂದೇ ಕೇಬಲ್. ಆ ಕಡೆ ಕಿತ್ತರೆ ಈ ಕಡೆ ಪೋರ್ಟಿಗೆ ಸಿಗ್ನಲ್ ನಿಲ್ಲುತ್ತದೆ, ದೀಪ ಆರುತ್ತದೆ, ಇಂಟರ್‌ಫೇಸ್ ಡೌನ್ ಆಗುತ್ತದೆ. ಇಂಟರ್‌ಫೇಸ್ ಬಿದ್ದ ತಕ್ಷಣ ಓಎಸ್‌ಪಿಎಫ್ ಪಕ್ಕದವನನ್ನು ಕೈಬಿಡುತ್ತದೆ, ಯಾರನ್ನೂ ಕಾಯೋದಿಲ್ಲ.

ಲ್ಯಾಬಿನಲ್ಲಿ ನೀವು ಮೌಸಿನಿಂದ ಎಳೆದ ಗೆರೆ ಕೇಬಲ್ ಅಲ್ಲ. ಈವ್-ಎನ್‌ಜಿಯಲ್ಲಿ ಅದು ಲಿನಕ್ಸ್ ಬ್ರಿಡ್ಜ್ (ಸಾಫ್ಟ್‌ವೇರಿನ ಸ್ವಿಚ್), ಜಿಎನ್‌ಎಸ್3ರಲ್ಲಿ ಪ್ಯಾಕೆಟ್ ಸಾಗಿಸುವ ಯುಡಿಪಿ ಸುರಂಗ. ಒಂದು ರೂಟರ್ ಪೋರ್ಟ್ ಮುಚ್ಚಿಕೊಂಡರೂ ಇನ್ನೊಂದರ ಪೋರ್ಟಿಗೆ ಅಂಟಿಕೊಂಡ ಬ್ರಿಡ್ಜ್ ಬದುಕೇ ಇರುತ್ತದೆ. ಹಾಗಾಗಿ ಅದಕ್ಕೆ ಎಲ್ಲಾ ಸರಿ ಇದ್ದ ಹಾಗೇ ಕಾಣುತ್ತದೆ, ಅಪ್ ಅಪ್ ಅಂತಲೇ ತೋರಿಸುತ್ತದೆ. ಉಳಿದದ್ದು ಹಲೋ ಮಾತ್ರ. ಓಎಸ್‌ಪಿಎಫ್ 10 ಸೆಕೆಂಡಿಗೊಮ್ಮೆ ಹಲೋ ಕಳಿಸುತ್ತದೆ, ನಾಲ್ಕು ಹಲೋ ಹೊತ್ತು, ಅಂದರೆ 40 ಸೆಕೆಂಡ್ ಏನೂ ಬರದಿದ್ದರೆ ಆಸಾಮಿ ಇಲ್ಲ ಅಂತ ತೀರ್ಮಾನ ಮಾಡುತ್ತದೆ. ನೀವು ನೋಡಿದ 40 ಅದೇ. ಕನ್ಸೋಲಿನಲ್ಲಿ ನೇಬರ್ ಪಟ್ಟಿ ತೆಗೆದು ಡೆಡ್ ಟೈಮ್ ಕಾಲಂ ನೋಡುತ್ತಾ ಇರಿ. 39ರಿಂದ ಇಳಿಯುತ್ತಾ 30ರ ಹತ್ತಿರ ಬಂದು ಮತ್ತೆ 39ಕ್ಕೆ ಹಾರುತ್ತದೆ, ಅದು ಹೊಸ ಹಲೋ ಬಂದ ಕ್ಷಣ. ಆ ಕಡೆ ಶಟ್‌ಡೌನ್ ಕೊಟ್ಟ ಮೇಲೆ ಹಾರೋದಿಲ್ಲ, ಸೊನ್ನೆಗೆ ಇಳಿಯುತ್ತದೆ. ನಾನು ಇದನ್ನು ಪುಸ್ತಕದಲ್ಲಿ ಹತ್ತು ಸಲ ಓದಿದ್ದೆ, ಅರ್ಥ ಆಗಿದ್ದು ಆ ಕಾಲಂ ನೋಡಿದಾಗ.

ಹಾಗಂತ ಲ್ಯಾಬಿನದು ಪೂರ್ತಿ ಸುಳ್ಳೂ ಅಲ್ಲ. ನಿಮ್ಮ ಆಫೀಸಿನಲ್ಲೇ ಎರಡು ರೂಟರ್ ನಡುವೆ ಒಂದು ಸ್ವಿಚ್ ಇಡಿ. ಆ ಕಡೆ ಕೇಬಲ್ ಕಿತ್ತರೂ ಈ ಕಡೆ ದೀಪ ಉರಿಯುತ್ತಲೇ ಇರುತ್ತದೆ, ಅದೇ 40 ಸೆಕೆಂಡ್. ಇದಕ್ಕೆ ಮದ್ದು ಬಿಎಫ್‌ಡಿ, ಪಕ್ಕದವನು ಹೋದದ್ದನ್ನು ಒಂದು ಸೆಕೆಂಡಿನ ಒಳಗೆ ಹೇಳುತ್ತದೆ. ಲ್ಯಾಬಿನಲ್ಲಿ ಬಿಎಫ್‌ಡಿ ಹಾಕುವಾಗ ಮಾತ್ರ ಟೈಮರ್ ತೀರಾ ಬಿಗಿ ಮಾಡಬೇಡಿ. ಲ್ಯಾಪ್‌ಟಾಪ್ ಸಿಪಿಯು ಒಂದು ಕ್ಷಣ ಬೇರೆ ಕಡೆ ತಿರುಗಿದರೂ ಹಲೋ ತಡವಾಗಿ, ಏನೂ ಆಗದಿದ್ದರೂ ಲಿಂಕ್ ಬಿತ್ತು ಎದ್ದಿತು ಅಂತ ಕುಣಿಯುತ್ತದೆ.

ಇದೇ ಕಾರಣಕ್ಕೆ ಪಿಂಗ್ ಸಮಯ (ಕಳಿಸಿದ ಪ್ಯಾಕೆಟ್ಟಿಗೆ ಉತ್ತರ ಬರಲು ಹಿಡಿಯುವ ಹೊತ್ತು), ವೇಗ, ಪ್ಯಾಕೆಟ್ ನಷ್ಟ ಇವುಗಳ ಅಳತೆಯನ್ನು ಲ್ಯಾಬಿನಿಂದ ತೆಗೆದುಕೊಂಡು ಯಾರಿಗೂ ವರದಿ ಕೊಡಬೇಡಿ. ಅದು ನಿಮ್ಮ ಲ್ಯಾಪ್‌ಟಾಪಿನ ಅಳತೆ, ರೂಟರಿನದಲ್ಲ.

ಪ್ರಶ್ನೆ: ನಾನು ಡಿಪ್ಲೊಮಾ ಉಪನ್ಯಾಸಕ. ಲ್ಯಾಬಿನಲ್ಲಿ 20 ಹಳೇ ಕಂಪ್ಯೂಟರ್ ಇವೆ, ಎಲ್ಲಾ 4 ಜಿಬಿ. ಪ್ಯಾಕೆಟ್ ಟ್ರೇಸರ್ ಆಚೆಗೆ ಮಕ್ಕಳಿಗೆ ಏನಾದರೂ ತೋರಿಸಬಹುದೇ? ಎಂಥ ಅಭ್ಯಾಸ ಕೊಡಲಿ?
(ಚಿಕ್ಕಮಗಳೂರು ಜಿಲ್ಲೆ)

ಉತ್ತರ: ಸಾರ್, ಆ 20 ಯಂತ್ರಗಳಲ್ಲಿ ಏನೂ ಓಡಿಸಬೇಡಿ. ಅವು ಬರೀ ಬ್ರೌಸರ್ ಆಗಿರಲಿ. ಒಂದೇ ಒಂದು ಒಳ್ಳೇ ಯಂತ್ರ ಹೊಂದಿಸಿ, 64 ಜಿಬಿ ರ‍್ಯಾಮ್, ಎಂಟು ಹತ್ತು ಕೋರ್. 20 ಮಕ್ಕಳು, ತಲಾ ಮೂರು ರೂಟರ್ ಅಂದರೆ 60, ತಲಾ 512 ಎಂಬಿ ಹಿಡಿದರೂ 30 ಜಿಬಿ. ನಿಜದಲ್ಲಿ ಅಷ್ಟೂ ಬೇಕಾಗೋದಿಲ್ಲ. ಒಂದೇ ಇಮೇಜಿನ ಹತ್ತಾರು ಪ್ರತಿ ಓಡುವಾಗ ಅವುಗಳ ಮೆಮೊರಿಯಲ್ಲಿ ಒಂದೇ ತರದ ಪುಟಗಳು ಬೇಕಾದಷ್ಟು ಇರುತ್ತವೆ, ಲಿನಕ್ಸಿನ ಕೆಎಸ್‌ಎಂ ಅವನ್ನು ಹುಡುಕಿ ಒಂದೇ ಪ್ರತಿ ಇಟ್ಟುಕೊಳ್ಳುತ್ತದೆ. ಎಫ್‌ಆರ್‌ಆರ್ ಅನ್ನು ಕಂಟೇನರ್ ಆಗಿ, ಅಂದರೆ ಪೂರ್ತಿ ಯಂತ್ರ ಕಟ್ಟದೆ ಹಗುರವಾಗಿ, ಓಡಿಸಿದರಂತೂ ರ‍್ಯಾಮಿನ ಚಿಂತೆಯೇ ಬೇಡ, ಕಮಾಂಡುಗಳೂ ಸಿಸ್ಕೋ ಶೈಲಿಯಲ್ಲೇ ಇವೆ. ಒಂದೇ ಕಿವಿಮಾತು, ಅರವತ್ತನ್ನೂ ಒಂದೇ ಸಲ ಸ್ಟಾರ್ಟ್ ಮಾಡಿಸಬೇಡಿ. ಓಡುವಾಗ ತಣ್ಣಗಿರುವ ರೂಟರ್ ಬೂಟ್ ಆಗುವಾಗ ಸಿಪಿಯು ಪೂರ್ತಿ ತಿನ್ನುತ್ತದೆ.

ಯಾರಾದರೂ ಸಿಸ್ಕೋ 7200 ಸರಣಿಯ ಹಳೇ ಇಮೇಜನ್ನು ಡೈನಮಿಪ್ಸ್ ಅನ್ನೋ ಸಾಫ್ಟ್‌ವೇರ್ ಮೇಲೆ ಓಡಿಸಿ ಅಂದರೆ ಐಡಲ್-ಪಿಸಿ ಅನ್ನೋ ಸಂಖ್ಯೆ ಹಾಕದೆ ಓಡಿಸಬೇಡಿ. ಆ ರೂಟರ್ ಕೆಲಸ ಇಲ್ಲದಿದ್ದಾಗಲೂ ಒಂದೇ ಕಡೆ ಸುತ್ತುತ್ತಾ ಇರುತ್ತದೆ, ಬಸ್‌ಸ್ಟ್ಯಾಂಡಿನಲ್ಲಿ ಜನ ಹತ್ತದಿದ್ದರೂ ಎಂಜಿನ್ ಆಫ್ ಮಾಡದ ಡ್ರೈವರ್ ಹಾಗೆ. ಆ ಸಂಖ್ಯೆ ಆ ಸುತ್ತು ಎಲ್ಲಿದೆ ಅಂತ ಹೇಳುತ್ತದೆ. ಹೇಳದಿದ್ದರೆ ಒಂದೇ ರೂಟರ್ ಒಂದು ಕೋರ್ ಪೂರ್ತಿ ತಿನ್ನುತ್ತದೆ.

ಅಭ್ಯಾಸಕ್ಕೆ ನಾನು ಕೊಡೋದು ಇದು. ಐದು ರೂಟರ್, ಹೆಸರು ಹಾಸನ, ಬೇಲೂರು, ಚಿಕ್ಕಮಗಳೂರು, ಅರಸೀಕೆರೆ, ಕಡೂರು. ನಿಜವಾದ ರಸ್ತೆ ಹೇಗಿದೆಯೋ ಹಾಗೇ ಗೆರೆ ಎಳೆಯಿರಿ. ಹಾಸನದಿಂದ ಚಿಕ್ಕಮಗಳೂರಿಗೆ ಬೇಲೂರು ಮೇಲೆ ಎರಡೇ ಗೆರೆ, ಅರಸೀಕೆರೆ ಕಡೂರು ಸುತ್ತಿದರೆ ಮೂರು. ಟ್ರೇಸ್‌ರೂಟ್ (ಪ್ಯಾಕೆಟ್ ಹೋಗುವ ದಾರಿ ತೋರಿಸುವ ಕಮಾಂಡ್) ಹಾಕಿದರೆ ಬೇಲೂರು ಕಾಣುತ್ತದೆ. ಈಗ ಬೇಲೂರನ್ನು ಆಫ್ ಮಾಡಿಸಿ, ಪಿಂಗ್ ನಿಲ್ಲುವುದನ್ನೂ ಮತ್ತೆ ಬರುವುದನ್ನೂ ಗಡಿಯಾರ ಹಿಡಿದು ಲೆಕ್ಕ ಹಾಕಿಸಿ, ಆಮೇಲೆ ಟ್ರೇಸ್‌ರೂಟ್ ಮತ್ತೆ. ಕಡೂರು ಕಂಡಾಗ ಮಕ್ಕಳ ಮುಖ ನೋಡಬೇಕು ನೀವು. ಬೇಲೂರು ವಾಪಸ್ ಬಂದ ಮೇಲೆ ಆ ಕಡೆಯ ಗೆರೆಗೆ ಕಾಸ್ಟ್ (ದಾರಿ ಎಷ್ಟು ದುಬಾರಿ ಅನ್ನುವ ಅಂಕಿ) ಜಾಸ್ತಿ ಮಾಡಿ, ಹಬ್ಬದ ದಿನ ರಸ್ತೆ ತುಂಬಿದೆ ಅಂದುಕೊಂಡು, ದಾರಿ ಬದಲಾಗುವುದನ್ನು ತೋರಿಸಬಹುದು.

ಪ್ರಶ್ನೆ: ಮೂರು ಗಂಟೆ ಕೂತು ಲ್ಯಾಬ್ ಕಟ್ಟಿದ್ದೆ. ಮಳೆಗೆ ಕರೆಂಟ್ ಹೋಯಿತು. ಬಂದ ಮೇಲೆ ನೋಡಿದರೆ ರೂಟರ್‌ಗಳೆಲ್ಲ ಖಾಲಿ. ವಾಪಸ್ ಪಡೆಯಬಹುದಾ?
(ಮೂಡಿಗೆರೆ)

ಉತ್ತರ: ರೈಟ್, ಅಂದರೆ ಮಾಡಿದ್ದನ್ನು ಉಳಿಸುವ ಕಮಾಂಡ್, ಕೊಟ್ಟಿರಲಿಲ್ಲ ಅಲ್ವಾ? ಹಾಗಾದರೆ ಆಗೋದಿಲ್ಲ. ಆಫೀಸಿನ ರೂಟರ್ ಹೇಗೋ ಇದೂ ಹಾಗೇ, ಓಡುತ್ತಿರುವ ಕಾನ್ಫಿಗ್ (ನೀವು ಹಾಕಿದ ಸೆಟ್ಟಿಂಗುಗಳು) ಮೆಮೊರಿಯಲ್ಲಿ ಮಾತ್ರ ಇರುತ್ತದೆ.

ಮುಂದಿನ ಸಲಕ್ಕೆ. ಮೂಲ ಇಮೇಜನ್ನು ಯಾವ ನೋಡೂ ಮುಟ್ಟೋದಿಲ್ಲ. ಅದು ಅಚ್ಚು ಇದ್ದ ಹಾಗೆ. ಪ್ರತಿ ನೋಡೂ ತಾನು ಬರೆದದ್ದನ್ನು ಅಚ್ಚಿನ ಮೇಲೆ ಒಂದು ತೆಳು ಪದರದ ಹಾಗೆ ಬೇರೆ ಫೈಲಿನಲ್ಲಿ ಇಟ್ಟುಕೊಳ್ಳುತ್ತದೆ. ರೈಟ್ ಕೊಟ್ಟರೆ ಕಾನ್ಫಿಗ್ ಆ ಪದರಕ್ಕೆ ಇಳಿಯುತ್ತದೆ. ಈವ್-ಎನ್‌ಜಿಯಲ್ಲಿ ವೈಪ್ ಅಂತ ಒಂದು ಬಟನ್ ಇದೆ, ಅದು ಆ ಪದರವನ್ನೇ ಸುಲಿದು ಬಿಸಾಕುತ್ತದೆ, ರೈಟ್ ಕೊಟ್ಟಿದ್ದರೂ ಹೋಯಿತು. ಸ್ಟಾಪ್ ಅಂದುಕೊಂಡು ವೈಪ್ ಒತ್ತಿದವರು ನನಗೆ ಗೊತ್ತಿರುವವರೇ ಮೂರು ಜನ ಇದ್ದಾರೆ, ಅದರಲ್ಲಿ ಒಬ್ಬ ನಾನು.

ನಿಮ್ಮ ಕಡೆ ಜೂನ್‌ನಿಂದ ಮೂರು ತಿಂಗಳು ಕರೆಂಟನ್ನು ನಂಬೋ ಹಾಗಿಲ್ಲ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಬೇಕೇ ಬೇಕು. ಅರ್ಧ ಗಂಟೆಗೊಮ್ಮೆ ಎಲ್ಲಾ ರೂಟರಿನಲ್ಲಿ ರೈಟ್ ಕೊಟ್ಟು, ಎಕ್ಸ್‌ಪೋರ್ಟ್ ಆಲ್ ಕಾನ್ಫಿಗ್ಸ್ ಒತ್ತಿ. ನಾನು ಅದರ ಮೇಲೆ ಇನ್ನೊಂದು ಮಾಡುತ್ತೇನೆ. ರೂಟರಿಗೆ ಏನೇ ಹಾಕುವ ಮೊದಲು ನೋಟ್‌ಪ್ಯಾಡಿನಲ್ಲಿ ಬರೆದು, ಅಲ್ಲಿಂದ ಕನ್ಸೋಲಿಗೆ ಪೇಸ್ಟ್ ಮಾಡುತ್ತೇನೆ. ಹೋದ ವಾರ ಮಳೆಗೆ ನನ್ನದೂ ಐದು ರೂಟರ್ ಹೋಯಿತು. ಪೇಸ್ಟ್ ಮಾಡಿ ವಾಪಸ್ ಎಬ್ಬಿಸೋಕೆ ಹಿಡಿದದ್ದು ಆರು ನಿಮಿಷ, ಅದರಲ್ಲಿ ನಾಲ್ಕು ಬೂಟಿಗೆ.